ಹೊಟ್ಟೆಯಲ್ಲಿ ಎರಡು, ಸ್ಕ್ಯಾನು ಮಾತ್ರ ಒಂದೇ?

ಕೋರಮಂಡಲ್: ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆ ಅನ್ನೋ ಮಾತು ಬಂಗಾರಪೇಟೆಯ ಹಣ್ಣಿನ ಗಾಡಿಯಿಂದ ಹಿಡಿದು ಆಂಡರ್‌ಸನ್‌ಪೇಟೆಯ ಗೂಡಂಗಡಿವರೆಗೆ ಇವತ್ತಿಗೂ ಓಡಾಡುತ್ತಿದೆ. ಹೊಸದಾಗಿ ಮದುವೆಯಾದ ಹೆಣ್ಣುಮಗಳ ಕೈಗೆ ಅಂಥ ಹಣ್ಣು ಸಿಕ್ಕರೆ ಮನೆಯ ಅಜ್ಜಿ ಕಿತ್ತುಕೊಳ್ಳುವುದೂ ಉಂಟು. ಪಾಪ, ಬಾಳೆಹಣ್ಣಿನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವಳಿ ಆಗುವುದಕ್ಕೆ ಕಾರಣವೇ ಬೇರೆ. ಆದ ಮೇಲೆ ಮಾಡಬೇಕಾದ ಕೆಲಸವೂ ಬೇರೆ. ಆ ಕೆಲಸದ ವಿಚಾರವೇ ನಮ್ಮ ಕಡೆ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಸುಮಾರು ನೂರು ಹೆರಿಗೆಗೆ ಒಂದು ಅವಳಿ. ಇದು ಒರಟು ಲೆಕ್ಕ. ಈ ಲೆಕ್ಕದಲ್ಲಿ ನೋಡಿದರೂ ಕೋರಮಂಡಲ್, ಊರ್ಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಎಲ್ಲ ಸೇರಿಸಿದರೆ ವರ್ಷ ವರ್ಷವೂ ಅವಳಿ ಹೊತ್ತ ತಾಯಂದಿರು ಇದ್ದೇ ಇರುತ್ತಾರೆ. ತಮಿಳಿನವರು ರೆಟ್ಟೈ ಪಿಳ್ಳೈ ಅಂತಾರೆ, ತೆಲುಗಿನವರು ಕವಲಪಿಲ್ಲಲು ಅಂತಾರೆ, ಕನ್ನಡದವರು ಅವಳಿ ಜವಳಿ ಅಂತಾರೆ. ಹೆಸರು ಮೂರು, ಕಷ್ಟ ಒಂದೇ. ಮೊದಲ ಸ್ಕ್ಯಾನಿನಲ್ಲಿ "ಎರಡಿವೆಯಮ್ಮಾ" ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮುಂದಿನ ಸ್ಕ್ಯಾನು? "ಅದೇ ಆಯ್ತಲ್ಲಾ, ಇನ್ನೇನು ನೋಡೋದು?" ಅಂತ ಸುಮ್ಮನಾಗುತ್ತಾರೆ.

ನೋಡುವುದು ಇದೆ ಸ್ವಾಮಿ. ಬೇಕಾದಷ್ಟಿದೆ.

ಒಂದು ಚೀಟಿ ಲೆಕ್ಕ ಅಲ್ಲ

ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇವತ್ತು ಗಲ್ಲಾಪೆಟ್ಟಿಗೆಯಲ್ಲಿ ಐದು ಸಾವಿರ ಇದೆ ಅಂದರೆ ವ್ಯಾಪಾರ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳೋಕಾಗುತ್ತದಾ? ಆಗೋದಿಲ್ಲ. ಹೋದ ತಿಂಗಳ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡರೆ ಮಾತ್ರ ಗೊತ್ತಾಗೋದು. ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಯೂ ಹಾಗೇ. ಒಂದು ಸ್ಕ್ಯಾನು ಅಂದರೆ ಒಂದು ದಿನದ ಫೋಟೋ. ಎರಡನೆಯ ಸ್ಕ್ಯಾನು ಬಂದಾಗ ಅದು ಲೆಕ್ಕವಾಗುತ್ತದೆ. ಮೂರು ನಾಲ್ಕು ಸೇರಿದರೆ ದಾರಿ ಕಾಣುತ್ತದೆ.

ಒಂದೇ ಮಗು ಇದ್ದಾಗ ಡಾಕ್ಟರು, ನರ್ಸಮ್ಮ ಹೊಟ್ಟೆ ಮೇಲೆ ಟೇಪು ಹಿಡಿದು ಗರ್ಭಕೋಶದ ಎತ್ತರ ಅಳೆದೇ ಬೆಳವಣಿಗೆಯ ಅಂದಾಜು ಮಾಡಬಹುದು. ಅವಳಿಯಲ್ಲಿ ಟೇಪು ಕೈಕೊಡುತ್ತದೆ. ಹೊಟ್ಟೆ ದೊಡ್ಡದಾಗೇ ಇರುತ್ತದೆ. ಒಳಗೆ ಒಂದು ಮಗು ಚೆನ್ನಾಗಿ ಬೆಳೆದು ಇನ್ನೊಂದು ಸೊರಗಿದ್ದರೂ ಹೊರಗಿನಿಂದ ನೋಡಿದವರಿಗೆ "ಅಬ್ಬಾ, ಎಷ್ಟು ದೊಡ್ಡ ಹೊಟ್ಟೆ!" ಅಂತಲೇ ಕಾಣುವುದು. ಎರಡು ಮೂಟೆಯನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೆ ಯಾವ ಮೂಟೆಯಲ್ಲಿ ಎಷ್ಟಿದೆ ಅಂತ ಹೇಗೆ ಗೊತ್ತಾಗಬೇಕು? ಬೇರೆ ಬೇರೆ ತೂಗಬೇಕು. ಹೊಟ್ಟೆಯೊಳಗಿನ ಎರಡು ಮಕ್ಕಳನ್ನು ಬೇರೆ ಬೇರೆ ತೂಗುವ ತಕ್ಕಡಿ ಸ್ಕ್ಯಾನಿಂಗ್ ಒಂದೇ.

ಬಾಯ್ಲರ್ ಫ್ಯಾಕ್ಟರಿಯಿಂದ ಬಂದ ವಿದ್ಯೆ

ಈ ಸ್ಕ್ಯಾನಿಂಗ್ ಎಕ್ಸ್‌ರೇ ಅಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇದು ಬರೀ ಸದ್ದು. ಮನುಷ್ಯರ ಕಿವಿ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳಬಲ್ಲದು. ಗರ್ಭಿಣಿಯ ಹೊಟ್ಟೆ ಮೇಲೆ ಇಡುವ ಉಪಕರಣ ಸೆಕೆಂಡಿಗೆ ಇಪ್ಪತ್ತು ಲಕ್ಷದಿಂದ ಐವತ್ತು ಲಕ್ಷ ಕಂಪನದ ಸದ್ದು ಬಿಡುತ್ತದೆ. ಆ ಸದ್ದು ಒಳಗೆ ಮೂಳೆಗೋ ಮಾಂಸಕ್ಕೋ ಬಡಿದು ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದನ್ನು ಲೆಕ್ಕ ಹಾಕಿ ಮೆಷಿನ್ನು ಚಿತ್ರ ಬಿಡಿಸುತ್ತದೆ.

ನಮ್ಮ ಗಣಿ ಊರಿಗೆ ಇದೇನು ಅನ್ಯವಾದ ವಿದ್ಯೆಯಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಸಿಡಿಯುತ್ತಿದ್ದ ಕಾಲದಲ್ಲಿ, ಎಲ್ಲಿ ಸಿಡಿಯಿತು ಅಂತ ಕಂಡುಹಿಡಿಯಲು ನೆಲದೊಳಗಿನ ಕಂಪನ ಹಿಡಿಯುವ ಉಪಕರಣ ಇಟ್ಟಿದ್ದರು. ಕಣ್ಣಿಗೆ ಕಾಣದ್ದನ್ನು ಕಂಪನದಿಂದ ತಿಳಿಯುವುದು ಅಲ್ಲೂ ಅದೇ, ಇಲ್ಲೂ ಅದೇ.

ಸ್ಕ್ಯಾನಿಂಗ್ ಹುಟ್ಟಿದ್ದೂ ಕಾರ್ಖಾನೆಯಲ್ಲೇ ಅಂದರೆ ನಂಬಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್ 1955ರಲ್ಲಿ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಅನ್ನೋ ಬಾಯ್ಲರ್ ಕಂಪನಿಗೆ ಹೋದರು. ಅಲ್ಲಿ ಕಬ್ಬಿಣದೊಳಗಿನ ಬಿರುಕು ಹುಡುಕುವ ಯಂತ್ರ ಇತ್ತು. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕೊಂಡುಹೋಗಿ ಆ ಯಂತ್ರದಲ್ಲಿ ಪರೀಕ್ಷೆ ಮಾಡಿ ನೋಡಿದರು. ಇಂಜಿನಿಯರ್ ಟಾಮ್ ಬ್ರೌನ್, ಡಾಕ್ಟರ್ ಜಾನ್ ಮ್ಯಾಕ್‌ವಿಕಾರ್ ಜೊತೆ ಸೇರಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ವಿವರ ಬರೆದರು. ವೆಲ್ಡಿಂಗ್ ಸರಿಯಾಗಿದೆಯೋ ಇಲ್ಲವೋ ಅಂತ ಇದೇ ಥರದ ಸದ್ದಿನಿಂದ ಪರೀಕ್ಷೆ ಮಾಡುವುದು ದೊಡ್ಡ ಕಾರ್ಖಾನೆಯ ಕೆಲಸಗಾರರಿಗೆ ಇಂದಿಗೂ ಗೊತ್ತಿರುವ ಸಂಗತಿ. ಕಬ್ಬಿಣಕ್ಕೆ ಅಂತ ಬಂದ ಯಂತ್ರ ಕಂದಮ್ಮಗಳಿಗೆ ಉಪಯೋಗಕ್ಕೆ ಬಂತು.

ಡಾಕ್ಟರು ಹೇಳಿದಾಗ ಮಾಡಿಸುವ ಸ್ಕ್ಯಾನಿನಿಂದ ಮಗುವಿಗೆ ಕೆಡುಕಾಗಿದೆ ಅಂತ ಇಷ್ಟು ವರ್ಷದಲ್ಲಿ ಸಾಬೀತಾಗಿಲ್ಲ. "ಜಾಸ್ತಿ ಸ್ಕ್ಯಾನು ಮಾಡಿಸಿದರೆ ಮಗು ಸುಟ್ಟುಹೋಗುತ್ತೆ" ಅನ್ನೋ ಮಾತನ್ನು ಪಕ್ಕಕ್ಕಿಡಿ. ಹಾಗಂತ ಶೋಕಿಗೆ ಫೋಟೋ ತೆಗೆಸಿಕೊಳ್ಳುವ ಹಾಗೆ ಮಾಡಿಸುವುದೂ ಬೇಡ.

ಮೊದಲ ಪ್ರಶ್ನೆ: ಮಾಸು ಒಂದೋ ಎರಡೋ?

ಅವಳಿ ಅಂತ ಗೊತ್ತಾದ ದಿನ ಕೇಳಬೇಕಾದ ಪ್ರಶ್ನೆ "ಗಂಡೋ ಹೆಣ್ಣೋ" ಅಲ್ಲ. "ಮಾಸು ಒಂದೋ ಎರಡೋ?" ಇದು ಪ್ರಶ್ನೆ. ಹೆರಿಗೆಯಾದ ಮೇಲೆ ಬೀಳುವ ಕಸ ಅಂತ ಹಳ್ಳಿ ಕಡೆ ಹೇಳುತ್ತಾರಲ್ಲ, ಅದೇ ಮಾಸು. ತಾಯಿಯ ರಕ್ತದಿಂದ ಮಗುವಿಗೆ ಅನ್ನ, ಗಾಳಿ ಎರಡನ್ನೂ ದಾಟಿಸುವುದು ಅದೇ.

ಎರಡು ಮೊಟ್ಟೆಯಿಂದ ಆದ ಅವಳಿಗಳಿಗೆ ಸಾಮಾನ್ಯವಾಗಿ ಮಾಸು ಬೇರೆ ಬೇರೆ. ಅಂದರೆ ಅಣ್ಣ ತಮ್ಮಂದಿರಿಗೆ ಬೇರೆ ಬೇರೆ ಅಡುಗೆಮನೆ. ಒಂದೇ ಮೊಟ್ಟೆ ಒಡೆದು ಆದ ಅವಳಿಗಳಲ್ಲಿ ಮೂರರಲ್ಲಿ ಎರಡು ಪಾಲು ಒಂದೇ ಮಾಸನ್ನು ಹಂಚಿಕೊಳ್ಳುತ್ತವೆ. ಒಂದೇ ಒಲೆ, ಎರಡು ತಟ್ಟೆ. ಹಂಚಿಕೆ ಸರಿಯಾಗಿದ್ದರೆ ಜಗಳ ಇಲ್ಲ. ಸರಿಯಾಗದಿದ್ದರೆ ಒಂದು ಹಸಿಯುತ್ತದೆ, ಇನ್ನೊಂದಕ್ಕೆ ಅತಿಯಾಗುತ್ತದೆ.

ಇದನ್ನು ಪತ್ತೆ ಮಾಡುವುದಕ್ಕೆ ಒಳ್ಳೆಯ ಸಮಯ 11 ವಾರದಿಂದ 14 ವಾರ ತುಂಬುವುದರೊಳಗೆ. ಎರಡು ಮಕ್ಕಳ ನಡುವಿನ ಪೊರೆ ಮಾಸಿಗೆ ಕೂಡುವ ಜಾಗವನ್ನು ಡಾಕ್ಟರು ನೋಡುತ್ತಾರೆ. ಪೊರೆಯ ಬುಡ ದಪ್ಪಗೆ, ತ್ರಿಕೋನದ ಹಾಗೆ ಇದ್ದರೆ ಮಾಸು ಎರಡು. ತೆಳ್ಳಗೆ, ಇಂಗ್ಲಿಷಿನ ಟಿ ಅಕ್ಷರದ ಹಾಗೆ ನೇರ ಕೂಡಿದ್ದರೆ ಮಾಸು ಒಂದು. ತಿಂಗಳು ಮುಂದೆ ಹೋದ ಹಾಗೆ ಎರಡು ಮಾಸು ಒಂದಕ್ಕೊಂದು ಅಂಟಿಕೊಂಡು ಒಂದೇ ಥರ ಕಾಣಬಹುದು, ಆ ತ್ರಿಕೋನವೂ ಮಸುಕಾಗಬಹುದು. ಆಗ ಎಂಥ ಡಾಕ್ಟರಿಗೂ ಕಷ್ಟ.

ಇದೇ ಸ್ಕ್ಯಾನಿನಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಮಗುವಿನ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದು ಎಷ್ಟು ವಾರ ಅಂತ ನಿಗದಿ ಮಾಡುತ್ತಾರೆ. ಅವಳಿಯಲ್ಲಿ ದೊಡ್ಡ ಮಗುವಿನ ಉದ್ದ ಹಿಡಿದು ಲೆಕ್ಕ ಹಾಕುವುದು ವಾಡಿಕೆ. ಯಾಕೆಂದರೆ ಸಣ್ಣದನ್ನು ಹಿಡಿದು ಲೆಕ್ಕ ಹಾಕಿದರೆ ಸೊರಗಿದ ಮಗುವೂ "ಸರಿಯಾಗಿದೆ" ಅಂತ ಕಂಡುಬಿಡುತ್ತದೆ. ದಿನಾಂಕ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಅಳತೆ ಕೋಲೇ ಮೋಟಾದರೆ ಬಟ್ಟೆ ಎಲ್ಲಿ ಸರಿಹೋಗುತ್ತದೆ?

ಇಲ್ಲಿದೆ ನೋಡಿ ತೊಡಕು

ಕೇಂದ್ರ ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾಯಿತು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ. ಅದರಲ್ಲಿ ಒಂದು ಸ್ಕ್ಯಾನಿಂಗೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದೂ ಅದೇ: 24 ವಾರದೊಳಗೆ ಒಂದು ಸ್ಕ್ಯಾನು. ಒಳ್ಳೆಯ ನಿಯಮ. ಆದರೆ ಇದು ಕನಿಷ್ಠದ ಲೆಕ್ಕ, ಎಲ್ಲ ಗರ್ಭಿಣಿಯರಿಗೂ ಅಂತ ಮಾಡಿದ್ದು. ಐದನೇ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನಿಗೆ ಹೋಗಿ "ಎರಡಿವೆ" ಅಂತ ಗೊತ್ತಾದರೆ, ಮಾಸಿನ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುವ ಕಾಲ ಆಗಲೇ ದಾಟಿರುತ್ತದೆ.

ಹಾಗಾದರೆ ಎಷ್ಟು ಸಲ? ಸ್ಕ್ಯಾನಿಂಗ್ ತಜ್ಞರ ಅಂತಾರಾಷ್ಟ್ರೀಯ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ. ಮಾಸು ಎರಡಿದ್ದರೆ: ಮೊದಲ ಸ್ಕ್ಯಾನು, 20ನೇ ವಾರದ ಸುಮಾರಿಗೆ ಅಂಗಾಂಗ ನೋಡುವ ಸ್ಕ್ಯಾನು, ಆಮೇಲೆ ನಾಲ್ಕು ವಾರಕ್ಕೊಂದು. ಮಾಸು ಒಂದೇ ಇದ್ದರೆ: 16ನೇ ವಾರದಿಂದಲೇ ಎರಡು ವಾರಕ್ಕೊಂದು. ಏರುಪೇರು ಕಂಡರೆ ಇನ್ನೂ ಬೇಗ ಬೇಗ. ತ್ರಿವಳಿ ಇದ್ದರೆ ಕಾವಲು ಇನ್ನೂ ಬಿಗಿ.

ಒಂದು ಮಾಸಿನವರಿಗೆ ಇಷ್ಟು ಅವಸರ ಯಾಕೆ? ಒಂದೇ ಮಾಸಿನೊಳಗೆ ಎರಡೂ ಮಕ್ಕಳ ರಕ್ತನಾಳಗಳು ಒಂದಕ್ಕೊಂದು ಕೂಡಿರುತ್ತವೆ. ನೂರರಲ್ಲಿ 10ರಿಂದ 15 ಇಂಥ ಬಸುರಿನಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುತ್ತದೆ. ಕೊಡುವ ಮಗುವಿಗೆ ಮೂತ್ರವೇ ಕಮ್ಮಿಯಾಗಿ ಅದರ ಸುತ್ತಲಿನ ನೀರು ಬತ್ತುತ್ತದೆ. ಪಡೆಯುವ ಮಗುವಿನ ಸುತ್ತ ನೀರು ಉಕ್ಕುತ್ತದೆ, ಅದರ ಹೃದಯಕ್ಕೂ ಭಾರ. ನೀರಿನ ಆಳ ಒಂದು ಕಡೆ 2 ಸೆಂಟಿಮೀಟರಿಗಿಂತ ಕಮ್ಮಿ, ಇನ್ನೊಂದು ಕಡೆ 8 ಸೆಂಟಿಮೀಟರಿಗಿಂತ ಜಾಸ್ತಿ ಆದರೆ ಡಾಕ್ಟರು ಎಚ್ಚರದ ಗಂಟೆ ಹೊಡೆಯುತ್ತಾರೆ. ಸುಮ್ಮನೆ ಬಿಟ್ಟರೆ ಕಾಯಿಲೆ ಜೋರಾದ ಕಡೆ ಎರಡೂ ಮಕ್ಕಳು ಉಳಿಯುವುದು ಕಷ್ಟ.

ಇದಕ್ಕೆ ಮದ್ದಿದೆ. ತಾಯಿಯ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ದುರ್ಬೀನು ತೂರಿಸಿ, ಲೇಸರಿನಿಂದ ಆ ಕೂಡುನಾಳಗಳನ್ನು ಮುಚ್ಚುತ್ತಾರೆ. ಹೆಚ್ಚಾಗಿ 16ರಿಂದ 26 ವಾರದ ನಡುವೆ. ಬರೀ ನೀರು ತೆಗೆಯುವುದಕ್ಕಿಂತ ಲೇಸರೇ ಮೇಲು ಅಂತ ಯುರೋಪಿನ ಡಾಕ್ಟರುಗಳ ಅಧ್ಯಯನ 2004ರಲ್ಲಿ ತೋರಿಸಿಕೊಟ್ಟಿತು. ಇದು ಊರೂರಲ್ಲಿ ಸಿಗುವ ಚಿಕಿತ್ಸೆಯಲ್ಲ, ದೊಡ್ಡ ನಗರಕ್ಕೇ ಹೋಗಬೇಕು. ಹೋಗೋಕೆ ಸಮಯ ಬೇಕಲ್ಲ? ಆ ಸಮಯವನ್ನು ಕೊಡುವುದೇ ಎರಡು ವಾರಕ್ಕೊಂದು ಸ್ಕ್ಯಾನು. ತಿಂಗಳ ಮೇಲೆ ನೋಡಿದರೆ ರೈಲು ಹೋದ ಮೇಲೆ ಟಿಕೆಟ್ ತೆಗೆದ ಹಾಗೆ.

ತೂಕದ ಲೆಕ್ಕ ಹಾಕುವುದು ಹೇಗೆ?

ಹೊಟ್ಟೆಯೊಳಗೆ ತಕ್ಕಡಿ ಇಡೋಕಾಗಲ್ಲ. ಅದಕ್ಕೆ ಡಾಕ್ಟರು ನಾಲ್ಕು ಅಳತೆ ತೆಗೆಯುತ್ತಾರೆ: ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ. ಇವನ್ನು ಹ್ಯಾಡ್‌ಲಾಕ್ ಸೂತ್ರ ಅನ್ನುವ ಲೆಕ್ಕಕ್ಕೆ ಹಾಕಿದರೆ ಗ್ರಾಂ ಲೆಕ್ಕದಲ್ಲಿ ಅಂದಾಜು ತೂಕ ಬರುತ್ತದೆ. ಇದರಲ್ಲಿ ಹೊಟ್ಟೆಯ ಸುತ್ತಳತೆ ಮುಖ್ಯ. ಮಗುವಿಗೆ ಊಟ ಸಾಲದೆ ಹೋದಾಗ ಮೊದಲು ಸೊರಗುವುದು ಹೊಟ್ಟೆಯೇ. ತಲೆಗೆ ಬೇಕಾದ್ದನ್ನು ಪ್ರಕೃತಿ ಆದಷ್ಟು ಉಳಿಸಿಕೊಡುತ್ತದೆ.

ಈ ತೂಕ ಅಂದಾಜು ಮಾತ್ರ. ನೂರಕ್ಕೆ 10-15ರಷ್ಟು ಆಚೆ ಈಚೆ ಆಗಬಹುದು. ಅದಕ್ಕೇ ತೂಕ ನೋಡುವುದಕ್ಕೆ ಅಂತ ವಾರ ವಾರ ಅಳೆದು ಪ್ರಯೋಜನವಿಲ್ಲ. ಕನಿಷ್ಠ ಎರಡು ವಾರದ ಅಂತರ ಬೇಕು. ನೀರು, ರಕ್ತದ ಓಟ ನೋಡುವುದಾದರೆ ಆ ಮಾತು ಬೇರೆ.

ಅವಳಿಯಲ್ಲಿ ಇನ್ನೊಂದು ಲೆಕ್ಕವೂ ಉಂಟು: ಇಬ್ಬರ ನಡುವಿನ ವ್ಯತ್ಯಾಸ. ದೊಡ್ಡದರಿಂದ ಸಣ್ಣದನ್ನು ಕಳೆದು, ಬಂದದ್ದನ್ನು ದೊಡ್ಡದರಿಂದ ಭಾಗಿಸಿ, ನೂರರಿಂದ ಗುಣಿಸಿ. ಒಂದು ಉದಾಹರಣೆ ಇಟ್ಟುಕೊಳ್ಳಿ. 28ನೇ ವಾರದಲ್ಲಿ ಒಂದು ಮಗು 1,100 ಗ್ರಾಂ, ಇನ್ನೊಂದು 1,000 ಗ್ರಾಂ. ವ್ಯತ್ಯಾಸ 100 ಗ್ರಾಂ, ಅಂದರೆ ನೂರಕ್ಕೆ ಒಂಬತ್ತು. ಚಿಂತೆಯಿಲ್ಲ. 32ನೇ ವಾರದಲ್ಲಿ ಒಂದು 1,800, ಇನ್ನೊಂದು 1,350. ವ್ಯತ್ಯಾಸ 450, ಅಂದರೆ ನೂರಕ್ಕೆ 25! ನಾಲ್ಕು ವಾರದಲ್ಲಿ ಒಂದು 700 ಗ್ರಾಂ ಏರಿದರೆ ಇನ್ನೊಂದು ಏರಿದ್ದು 350 ಗ್ರಾಂ ಮಾತ್ರ. 28ನೇ ವಾರದ ಚೀಟಿ ಒಂದನ್ನೇ ನೋಡಿಕೊಂಡು ಕೂತಿದ್ದರೆ ಇದು ಗೊತ್ತಾಗುತ್ತಿತ್ತಾ?

ವ್ಯತ್ಯಾಸ ನೂರಕ್ಕೆ 20 ದಾಟಿದರೆ ಹುಷಾರು, 25 ಮುಟ್ಟಿದರೆ ತಜ್ಞರ ಹತ್ತಿರ ಹೋಗಲೇಬೇಕು ಅನ್ನುವುದು ಸಾಮಾನ್ಯ ಪದ್ಧತಿ. ಆಗ ಡಾಪ್ಲರ್ ಅನ್ನುವ ಪರೀಕ್ಷೆಯಿಂದ ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆಯಾ, ತಡೆಯುತ್ತಿದೆಯಾ ಅಂತ ನೋಡುತ್ತಾರೆ. ಹರಿವು ನಿಂತು ನಿಂತು ಹೋಗುತ್ತಿದ್ದರೆ ಹೆರಿಗೆ ಎಂದು ಮಾಡಿಸಬೇಕು ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ಬೇಗ ತೆಗೆದರೆ ಎಳೆ ಮಗು, ತಡ ಮಾಡಿದರೆ ಒಳಗೇ ಅಪಾಯ. ಈ ಇಕ್ಕಟ್ಟಿನಲ್ಲಿ ಡಾಕ್ಟರ ಕೈಗೆ ಸಿಗುವ ಆಧಾರ ಹಿಂದಿನ ಸ್ಕ್ಯಾನುಗಳ ಸಾಲು.

ಬಲಗಡೆ ಮಗು, ಎಡಗಡೆ ಮಗು

ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಒಂದಿದೆ. ಒಂದು ಸ್ಕ್ಯಾನು ಬಂಗಾರಪೇಟೆಯಲ್ಲಿ, ಇನ್ನೊಂದು ಕೋಲಾರದಲ್ಲಿ, ಮೂರನೆಯದು ಬೆಂಗಳೂರಿನಲ್ಲಿ ಕೆಲಸ ಮಾಡುವ ಭಾಮೈದನ ಮನೆ ಹತ್ತಿರ! ಹಳೇ ರಿಪೋರ್ಟು ಕೇಳಿದರೆ "ಮನೇಲಿದೆ ಸಾರ್." ಮನೆಯಲ್ಲಿ ಹುಡುಕಿದರೆ ಬೀರುವಿನ ಮೇಲೂ ಇಲ್ಲ, ಕೆಳಗೂ ಇಲ್ಲ.

ಅವಳಿಯಲ್ಲಿ ಡಾಕ್ಟರು ಒಂದೊಂದು ಮಗುವಿಗೂ ಗುರುತು ಇಡುತ್ತಾರೆ. ಬಲಗಡೆಯದು, ಎಡಗಡೆಯದು, ಅಥವಾ ಮೇಲಿನದು, ಕೆಳಗಿನದು, ಮಾಸು ಮುಂದಿರುವುದು, ಹಿಂದಿರುವುದು. ಮುಂದಿನ ಸ್ಕ್ಯಾನು ಮಾಡುವವರ ಕೈಯಲ್ಲಿ ಈ ಗುರುತು ಇಲ್ಲದಿದ್ದರೆ ಹೋದ ಸಲದ ಒಂದನೇ ಮಗು ಈ ಸಲ ಎರಡನೆಯದಾಗಿಬಿಡಬಹುದು. ಆಗ ಸೊರಗುತ್ತಿರುವ ಮಗು ಯಾವುದು? ಇಬ್ಬರು ಗಿರಾಕಿಗಳ ಉದ್ದರಿ ಒಂದೇ ಹಾಳೆಯಲ್ಲಿ ಕಲಸಿಹೋದ ಹಾಗೆ.

ಅದಕ್ಕೇ ಒಂದು ಪ್ಲಾಸ್ಟಿಕ್ ಕವರು ತಗೊಳ್ಳಿ. ಮೊದಲನೆಯದರಿಂದ ಕೊನೆಯದರವರೆಗೆ ಎಲ್ಲ ರಿಪೋರ್ಟು ತಾರೀಕಿನ ಪ್ರಕಾರ ಅದರೊಳಗೆ. ತಾಯಿ ಕಾರ್ಡೂ ಅದರೊಳಗೆ. ಆದಷ್ಟೂ ಒಂದೇ ಕಡೆ ಸ್ಕ್ಯಾನು ಮಾಡಿಸಿ. ಊರು ಬಿಟ್ಟು ತವರಿಗೆ ಹೋದರೂ ಕವರು ಜೊತೆಗೇ ಹೋಗಲಿ.

ಗಣಿ ಮುಚ್ಚಿತು, ಬಸುರು ನಿಲ್ಲಲಿಲ್ಲ

ಒಂದು ಕಾಲಕ್ಕೆ ಗಣಿ ಕಾರ್ಮಿಕರ ಮನೆಯ ಹೆಣ್ಣುಮಕ್ಕಳಿಗೆ ಆಸ್ಪತ್ರೆ ಅಂದರೆ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆ. ಲೈನ್ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಜೊತೆಗೆ ಆ ಆಸ್ಪತ್ರೆಯ ವೈಭವವೂ ಹೋಯಿತು. 2021ರಲ್ಲಿ ಕೋವಿಡ್ ಜೋರಾದಾಗ ಪಾಳು ಬಿದ್ದ ಕಟ್ಟಡವನ್ನು ಸ್ವಯಂಸೇವಕರು ಗುಡಿಸಿ ತೊಳೆದು ಹಾಸಿಗೆ ಹಾಕಿದ್ದನ್ನು ಊರೇ ನೋಡಿತು.

ಗಂಡಸರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಮನೆ ಮುಟ್ಟುವುದು ರಾತ್ರಿ. ಬಸುರಿ ಹೆಂಡತಿಯನ್ನು ಎರಡು ವಾರಕ್ಕೊಮ್ಮೆ ಸ್ಕ್ಯಾನಿಗೆ ಕರಕೊಂಡು ಹೋಗಬೇಕು ಅಂದರೆ ಆ ದಿನದ ಕೂಲಿ ಹೋಯಿತು. ಬಸ್ ಚಾರ್ಜು, ಆಟೋ, ಊಟ ಬೇರೆ. "ನಮ್ಮ ಕಾಲದಲ್ಲಿ ಸ್ಕ್ಯಾನು ಇತ್ತೇನಮ್ಮಾ? ನಾವು ಹೆರಲಿಲ್ವಾ?" ಅಂತ ಅತ್ತೆ ಬೇರೆ. ಹೆತ್ತರು, ನಿಜ. ಎಷ್ಟು ಕೂಸು ಉಳಿಯಲಿಲ್ಲ ಅನ್ನುವುದನ್ನೂ ಅದೇ ಅತ್ತೆಯರನ್ನು ಕೇಳಬೇಕು.

ದುಡ್ಡಿನ ವಿಚಾರದಲ್ಲಿ ಒಂದು ಮಾತು ನೆನಪಿರಲಿ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಯೋಜನೆ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೆ ಔಷಧಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಹೆರಿಗೆ, ಸಿಸೇರಿಯನ್, ಬೇರೆ ಆಸ್ಪತ್ರೆಗೆ ಕಳಿಸುವ ವಾಹನ ಎಲ್ಲವೂ ಪುಕ್ಕಟೆ. ಅವಳಿ ಬಸುರು ಅಪಾಯದ ಪಟ್ಟಿಯಲ್ಲಿದೆ. 9ನೇ ತಾರೀಕಿನ ತಪಾಸಣೆಯಲ್ಲಿ ಇಂಥವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚಬೇಕು ಅಂತ ನಿಯಮ. 2022ರಿಂದ ಇಂಥ ತಾಯಂದಿರನ್ನು ಆಶಾ ಕಾರ್ಯಕರ್ತೆಯರು ಬೆನ್ನುಹತ್ತಿ ಹೆಚ್ಚಿನ ತಪಾಸಣೆಗೆ ಕರೆತರುವ ವ್ಯವಸ್ಥೆಯೂ ಸೇರಿದೆ. ಸ್ಟಿಕ್ಕರ್ ಹಚ್ಚದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ? ತಾಲೂಕು ಆಸ್ಪತ್ರೆಯಲ್ಲಿ ಆಗದ್ದನ್ನು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಬರೆದುಕೊಡಿ ಅನ್ನಬಹುದು. ಕೋಲಾರದ ಟಮಕದಲ್ಲಿ ಜಾಲಪ್ಪ ಆಸ್ಪತ್ರೆ, ಬೆಂಗಳೂರಿನಲ್ಲಿ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ ಇವೆ.

ತುಮಕೂರು ಮರೆಯಬಾರದು

ಇದೆಲ್ಲ ಬರೀ ಉಪದೇಶ ಅಂತ ಅನ್ನಿಸಿದರೆ 2022ರ ನವೆಂಬರ್ ನೆನಪು ಮಾಡಿಕೊಳ್ಳಿ. ತಮಿಳುನಾಡು ಮೂಲದ ತುಂಬು ಗರ್ಭಿಣಿಯೊಬ್ಬಳು ನೋವು ಕಾಣಿಸಿಕೊಂಡು ತುಮಕೂರು ಜಿಲ್ಲಾಸ್ಪತ್ರೆಗೆ ಹೋದಳು. ಹೊಟ್ಟೆಯಲ್ಲಿ ಅವಳಿ. ತಾಯಿ ಕಾರ್ಡು, ಆಧಾರ್ ಕಾರ್ಡು ಇಲ್ಲ ಅಂತ ಸೇರಿಸಿಕೊಳ್ಳದೆ ವಾಪಸ್ ಕಳಿಸಿದರು ಅನ್ನುವುದು ಆರೋಪ. ಬಾಡಿಗೆ ಮನೆಯಲ್ಲೇ ಹೆರಿಗೆಯಾಯಿತು. ತಾಯಿಯೂ ಉಳಿಯಲಿಲ್ಲ, ಎರಡು ಕೂಸುಗಳೂ ಉಳಿಯಲಿಲ್ಲ. ಅವಳ ಪುಟ್ಟ ಮಗಳು ತಬ್ಬಲಿಯಾಯಿತು. ರಾಜ್ಯವೇ ಬೈದ ಮೇಲೆ ಡಾಕ್ಟರು, ನರ್ಸುಗಳು ಅಮಾನತಾದರು. ತುರ್ತಿನಲ್ಲಿ ಬಂದವರಿಗೆ ಕಾರ್ಡು ಕೇಳಿ ತಡೆಯಬಾರದು ಅಂತ ಸರ್ಕಾರ ಹೇಳಿತು.

ಆ ಹೆಣ್ಣುಮಗಳು ಆಡುತ್ತಿದ್ದ ಭಾಷೆ ನಮ್ಮ ಗಣಿ ಲೈನುಗಳಲ್ಲಿ ಮನೆಮನೆಯಲ್ಲೂ ಆಡುವ ಭಾಷೆ. ಅವಳಂತೆ ಊರು ಬಿಟ್ಟು ಊರಿಗೆ ಕೂಲಿಗೆ ಹೋಗುವ ಕುಟುಂಬಗಳು ಇಲ್ಲೂ ಬೇಕಾದಷ್ಟಿವೆ. ನೋವು ಬಂದ ಮೇಲೆ ಕಾರ್ಡು ಇಲ್ಲ ಅಂತ ಬಾಗಿಲು ಹಾಕುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ತಿಂಗಳಲ್ಲೇ ಕಾರ್ಡು ಮಾಡಿಸಿ, ಅವಳಿ ಅಂತ ಅದರಲ್ಲಿ ಬರೆಸಿ, ಎಲ್ಲಿ ಹೆರಿಗೆ ಅಂತ ಮುಂಚೆಯೇ ಗೊತ್ತು ಮಾಡಿಕೊಂಡರೆ ಬಾಗಿಲು ತಟ್ಟುವ ಪಾಡು ಬಾರದು.

ಗಂಡೋ ಹೆಣ್ಣೋ ಕೇಳಬೇಡಿ

"ಒಂದು ಗಂಡು ಒಂದು ಹೆಣ್ಣು ಇರಬಹುದಾ ಡಾಕ್ಟ್ರೇ? ಬಾಯಿಬಿಟ್ಟು ಹೇಳಬೇಡಿ, ಸನ್ನೆ ಮಾಡಿ ಸಾಕು" ಅನ್ನುವವರಿಗೆ ಕಮ್ಮಿಯಿಲ್ಲ. 1994ರ ಕಾನೂನು, 2003ರ ತಿದ್ದುಪಡಿ ಪ್ರಕಾರ ಬಾಯಿಮಾತಲ್ಲೂ ಹೇಳಬಾರದು, ಸನ್ನೆಯಲ್ಲೂ ಹೇಳಬಾರದು. ಹೇಳಿದ ಡಾಕ್ಟರಿಗೂ ಮೂರು ವರ್ಷದವರೆಗೆ ಜೈಲು, ಕೇಳಿ ಮಾಡಿಸಿಕೊಂಡ ಮನೆಯವರಿಗೂ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಬಲವಂತಕ್ಕೆ ಒಳಗಾದ ಹೆಂಗಸಿಗೆ ಈ ಶಿಕ್ಷೆಯಿಲ್ಲ. 2023ರಲ್ಲಿ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಸ್ಕ್ಯಾನು ನಡೆಯುತ್ತಿದ್ದದ್ದನ್ನು ಬೆಂಗಳೂರು ಪೊಲೀಸರು ಪತ್ತೆ ಮಾಡಿದ್ದು ಎಲ್ಲರಿಗೂ ಗೊತ್ತಿದೆ. ಬೆಲ್ಲ ಮಾಡುವ ಜಾಗದಲ್ಲಿ ಹೆಣ್ಣುಕೂಸಿಗೆ ವಿಷ! ಇಂಥವರ ದೆಸೆಯಿಂದಲೇ ಸ್ಕ್ಯಾನಿಂಗ್ ಮೆಷಿನ್ನಿಗೆ ಇಷ್ಟೊಂದು ಕಟ್ಟುಪಾಡು, ಫಾರಂ ತುಂಬುವ ಕೆಲಸ. ನೋಂದಣಿ ಇಲ್ಲದ ಕಡೆ ಹೋಗಬೇಡಿ. ಗೋಡೆ ಮೇಲೆ ಲಿಂಗಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು ಇದೆಯಾ ನೋಡಿ.

ಹೆರಿಗೆ ಯಾವಾಗ, ಎಲ್ಲಿ?

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮುಂಚೆಯೇ ಹುಟ್ಟುತ್ತವೆ. ತೊಂದರೆ ಏನೂ ಇಲ್ಲದಿದ್ದರೂ ಎರಡು ಮಾಸಿನವರಿಗೆ 37ನೇ ವಾರದ ಸುಮಾರಿಗೆ, ಒಂದು ಮಾಸಿನವರಿಗೆ 36ನೇ ವಾರದ ಸುಮಾರಿಗೆ ಹೆರಿಗೆ ಮಾಡಿಸುವುದು ಪದ್ಧತಿ. ಒಂದೇ ಮಾಸು, ನಡುವೆ ಪೊರೆಯೂ ಇಲ್ಲದ ಅವಳಿ ಅಪರೂಪ. ಬಳ್ಳಿಗಳು ಸಿಕ್ಕುಹಾಕಿಕೊಳ್ಳುವ ಭಯ ಇರುವುದರಿಂದ 32ರಿಂದ 34 ವಾರಕ್ಕೇ ತೆಗೆಯುತ್ತಾರೆ. ಒಂಬತ್ತು ತುಂಬಲಿ ಅಂತ ಪಂಚಾಂಗ ನೋಡಿಕೊಂಡು ಕೂರುವುದು ಇಲ್ಲಿ ಸಲ್ಲದು.

ಹೆರಿಗೆಗೆ ರಕ್ತ ಸಿಗುವ, ಸಿಸೇರಿಯನ್ ಆಗುವ, ಎಳೆಗೂಸುಗಳ ವಿಶೇಷ ವಾರ್ಡು ಇರುವ ಆಸ್ಪತ್ರೆಯೇ ಬೇಕು. ನಡುರಾತ್ರಿ ನೋವು ಬಂದರೆ 108 ಇದೆ. ಹೊಟ್ಟೆ ಒಂದೆರಡು ದಿನದಲ್ಲೇ ಬಿಗಿದು ಉಬ್ಬಿ ಉಸಿರು ಕಟ್ಟಿದ ಹಾಗಾದರೆ, ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಊದಿದರೆ, ರಕ್ತವೋ ನೀರೋ ಕಂಡರೆ, ಮಕ್ಕಳ ಒದೆತ ಕಮ್ಮಿಯಾದರೆ ಮುಂದಿನ ಸ್ಕ್ಯಾನಿನ ತಾರೀಕು ಕಾಯಬೇಡಿ. ಆ ಗಳಿಗೆಯೇ ಹೊರಡಿ.

ಇಷ್ಟು ಕೇಳಿ ಸಾಕು

ಸ್ಕ್ಯಾನಿಂಗ್ ರೂಮಿನಿಂದ ಎದ್ದು ಬರುವ ಮುಂಚೆ ಐದೇ ಪ್ರಶ್ನೆ. ಇದನ್ನು ಕತ್ತರಿಸಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡರೂ ತಪ್ಪಿಲ್ಲ.

ಒಂದು: ಮಾಸು ಒಂದೋ ಎರಡೋ? ರಿಪೋರ್ಟಿನಲ್ಲಿ ಬರೆದಿದ್ದೀರಾ?
ಎರಡು: ಇವತ್ತಿಗೆ ಸರಿಯಾಗಿ ಎಷ್ಟು ವಾರ?
ಮೂರು: ಎರಡು ಮಕ್ಕಳ ತೂಕ ಎಷ್ಟೆಷ್ಟು, ವ್ಯತ್ಯಾಸ ನೂರಕ್ಕೆ ಎಷ್ಟು?
ನಾಲ್ಕು: ಇಬ್ಬರ ಸುತ್ತಲೂ ನೀರು ಸರಿಯಾಗಿದೆಯಾ?
ಐದು: ಮುಂದಿನ ಸ್ಕ್ಯಾನು ಯಾವ ತಾರೀಕು?

ಡಾಕ್ಟರು ಬಿಡುವಿಲ್ಲದೆ ಇರಬಹುದು, ಹೊರಗೆ ಕ್ಯೂ ಇರಬಹುದು. ಆದರೂ ಕೇಳಿ. ಗಂಡ ರೈಲಿನಲ್ಲಿದ್ದರೆ ಅತ್ತೆ ಕೇಳಲಿ, ನಾದಿನಿ ಕೇಳಲಿ, ಆಶಾ ಅಕ್ಕ ಕೇಳಲಿ. ಅಂಗಡಿಯವರೂ ಒಂದು ಉಪಕಾರ ಮಾಡಬಹುದು: ಕೆಲಸದ ಹುಡುಗ "ಹೆಂಡತಿಗೆ ಸ್ಕ್ಯಾನು ಇದೆ ಅಣ್ಣಾ, ಅರ್ಧ ದಿನ ರಜಾ ಬೇಕು" ಅಂದಾಗ "ಹೋದ ವಾರ ತಾನೇ ಮಾಡಿಸಿದ್ದೆ?" ಅಂತ ಗದರದೆ ಕಳಿಸಿಕೊಡಿ. ಅವನ ಮನೆಯಲ್ಲಿ ಕಾಯುತ್ತಿರುವುದು ಒಂದು ಜೀವ ಅಲ್ಲ, ಮೂರು.